ಅಳತೆಗಿಂತ ಕೊಂಚ ದೊಡ್ಡ ಗೂಡು

ಯಾರು ಏನೇ ಹೇಳಿದರೂ ನಡುವೆ ಬಾಯಿ ಹಾಕದೆ ಕೇಳುತ್ತೇನೆ ಎಂಬ ಖ್ಯಾತಿ ನನಗಿದೆ. ಇದರಿಂದ ನಷ್ಟವಾಗಿರುವುದು ದೇವರಿಗೆ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿ ಕೂತರೆ ಸಾಕು, ನಮ್ಮ ಅತ್ತೆ ಪಕ್ಕದಲ್ಲಿ ಬಂದು ಕೂತು ಮಾತು ತೆಗೆಯುತ್ತಾರೆ. (ಕಣ್ಣು ಮುಚ್ಚಿರುವುದು ಅವರ ಮಾತಿನ ಮೇಲಿನ ಏಕಾಗ್ರತೆಯಿಂದ ಎಂದು ಅವರ ನಂಬಿಕೆ.)

ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ ಬೇಕೆಂಬುದು ನನ್ನ ಬಹುದಿನದ ಆಸೆ. ಹಿತ್ತಿಲ ಕಡೆ ಸಣ್ಣದೊಂದು ಕೋಣೆಯೇನೋ ಇತ್ತು. ಆದರೆ ಅದರ ತುಂಬ ಮುರಿದ ಮಂಚ, ಹಳೆಯ ಕಿಟಕಿ, ತಗಡು, ಹಲಗೆ. ಒಂದನ್ನೂ ಹೊರಗೆ ಹಾಕಲು ನಮ್ಮ ಯಜಮಾನರು ಬಿಡರು. ಹಾಗಾಗಿ ನಾದಿನಿ ಮೂರು ಕೋಳಿ ಕೊಡುತ್ತೇನೆಂದಾಗ ನನ್ನ ತಲೆ ಓಡಿತು.

“ಗೂಡಿಗೆ ಖರ್ಚೇ ಇಲ್ಲ ಕಣ್ರೀ. ಆ ಕೋಣೇಲಿರೋ ಸಾಮಾನೇ ಸಾಕು.”

ಖರ್ಚಿಲ್ಲ ಎಂದರೆ ನಮ್ಮವರು ಬಾವಿಗೂ ಇಳಿದಾರು. ಒಂದೇ ದಿನದಲ್ಲಿ ಕೋಣೆ ಖಾಲಿಯಾಯಿತು. ನಾನು ಗುಡಿಸಿ ಒರೆಸಿ, ಮೂಲೆಯಲ್ಲಿ ಮೆತ್ತನೆಯ ಚಾಪೆಯನ್ನೂ ಹಾಸಿದೆ. ಅಷ್ಟರಲ್ಲಿ ಕೋಳಿಗಳು ಬಂದವು. ಗೂಡು ಮುಗಿಯುವವರೆಗೆ ಕೋಣೆಯಲ್ಲೇ ಇರಲಿ ಎಂದವಳೂ ನಾನೇ.

ನಮ್ಮವರು ಟೈಲರ್. ಕೋಳಿಯೊಂದನ್ನು ನನ್ನ ಕೈಗೆ ಕೊಟ್ಟು, ಕೊರಳಿನ ಟೇಪು ತೆಗೆದು ಅದರ ಎದೆ, ಉದ್ದ, ರೆಕ್ಕೆಯಗಲ ಬರೆದುಕೊಂಡು, ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು.

“ಇಷ್ಟಗಲ ಯಾಕ್ರೀ?”

“ಬೆಳೆಯೋ ಜೀವ ಕಣೇ. ಸ್ವಲ್ಪ ಒಳಗೆ ಬಿಡ್ಬೇಕು.”

ಅಗಲದಲ್ಲಿ ಬಿಟ್ಟರು, ಉದ್ದದಲ್ಲಿ ಬಿಟ್ಟರು, ಎತ್ತರದಲ್ಲಂತೂ ಧಾರಾಳವಾಗಿ ಬಿಟ್ಟರು. ಮಂಚದ ಕಾಲುಗಳ ಮೇಲೆ, ಕಿಟಕಿಯ ಸಮೇತ ಭವ್ಯ ಸೌಧವೊಂದು ಎದ್ದಿತು.

“ಇದು ಕೋಳಿಗೋ, ಬಾಡಿಗೆಗೋ?” ಎಂದರು ಅತ್ತೆ.

“ಟ್ರಯಲ್ ನೋಡೋಣ ಇರಮ್ಮ. ದೊಡ್ಡದಾದ್ರೆ ಒಂಚೂರು ಒಳಗೆ ಹಿಡೀತೀನಿ.”

ಟ್ರಯಲ್‌ಗೆ ಎರಡು ಕೋಳಿ ಬಂದವು. ಮೂರನೆಯದು ನನ್ನ ಚಾಪೆಯ ಮೇಲೆ, ಅಷ್ಟೂ ದಿನ ಅಲ್ಲೇ ಇಟ್ಟ ಮೊಟ್ಟೆಗಳನ್ನು ಅಪ್ಪಿಕೊಂಡು ಕೂತಿತ್ತು. ಎತ್ತಲು ಹೋದ ಕೈಯನ್ನು ಕುಕ್ಕಿತು. ನಾದಿನಿಗೆ ಫೋನ್ ಮಾಡಿದೆ.

“ಕಾವಿಗೆ ಕೂತಿದೆ ಅತ್ತಿಗೆ. ಮರಿ ಆಗೋವರೆಗೂ ಎಬ್ಬಿಸ್ಬೇಡಿ. ನೀರು, ಕಾಳು ಇಟ್ಟು ಬಾಗಿಲು ಹಾಕ್ಬಿಡಿ. ಯಾರೂ ಒಳಗೆ ಹೋಗ್ಬಾರ್ದು, ಅದಕ್ಕೆ ನೆಮ್ಮದಿ ಬೇಕು.”

ಯಾರಿಗೆ ಬೇಡ ನೆಮ್ಮದಿ? ನಾನು ಕೇಳಿದ್ದನ್ನು ದೇವರು ಕೊಟ್ಟೇಬಿಟ್ಟಿದ್ದ. ವಿಳಾಸ ಮಾತ್ರ ಕೋಳಿಯದಾಗಿತ್ತು.

ಮರುದಿನ ಉಳಿದೆರಡು ಕೋಳಿಗಳು ಹಿತ್ತಿಲು ಕೆದಕುತ್ತಿದ್ದವು. ಗೂಡು ಖಾಲಿಯಿತ್ತು. ಹೊಸ ಹುಲ್ಲಿನ ಘಮ ಬೇರೆ. ಅತ್ತ ಇತ್ತ ನೋಡಿ, ತೆವಳಿಕೊಂಡು ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತೆ. ತಲೆ ತಗಡಿಗೆ ತಾಗಲಿಲ್ಲ. ಕೋಳಿಯ ಅಳತೆಗೆ ಬಿಡುತ್ತ ಬಿಡುತ್ತ ನಮ್ಮವರು ನನ್ನ ಅಳತೆಗೆ ಬಂದು ನಿಂತಿದ್ದರು. ಎಷ್ಟೋ ಕಾಲದ ಮೇಲೆ ಪ್ರಾರ್ಥನೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಸಾಗಿತು.

ಅದು ದಿನದ ಅಭ್ಯಾಸವಾಯಿತು. ಒಂದು ಸಂಜೆ ಕೊಂಚ ಹೊತ್ತು ಹೆಚ್ಚೇ ಕೂತೆನೆಂದು ತೋರುತ್ತದೆ. ಕಣ್ಣು ತೆರೆದಾಗ ಒಳಗೆಲ್ಲ ಮಬ್ಬುಗತ್ತಲು, ಅಡ್ಡಕೋಲಿನ ಮೇಲೆ ಎರಡು ಕೋಳಿಗಳು ಕೂತು ನನ್ನನ್ನೇ ನೋಡುತ್ತಿದ್ದವು. ಯಜಮಾನರು ಒಳಗೆ ಇಣುಕಿಯೂ ನೋಡದೆ ಅವನ್ನು ಅಟ್ಟಿ, ಹೊರಗಿನಿಂದ ಚಿಲಕ ಹಾಕಿ ಅಂಗಡಿಗೆ ಹೊರಟುಹೋಗಿದ್ದರು.

ಕೂಗಿದೆ. ಬಂದವರು ಅತ್ತೆ. ಕಿಟಕಿಯೊಳಗೆ ಇಣುಕಿ, “ಅಲ್ಲೇನಮ್ಮ ಮಾಡ್ತಿದ್ದೀಯ?” ಎಂದರು.

“ಚಿಲಕ ತೆಗೀರಿ ಅತ್ತೆ.”

ಅವರು ಚಿಲಕ ನೋಡಿದರು. ನನ್ನನ್ನು ನೋಡಿದರು. ಮುಖದಲ್ಲಿ ಅಪಾರವಾದ ಶಾಂತಿ ಮೂಡಿತು. ಬಕೆಟ್ಟೊಂದನ್ನು ಎಳೆದು ಬೋರಲು ಹಾಕಿ ಕೂತರು.

“ತೆಗೀತೀನಿ, ತೆಗೀತೀನಿ. ಏನವಸರ? ನಿಮ್ಮ ಮಾವನ ತಂಗಿ ಮದುವೇಲಿ ಏನಾಯ್ತು ಗೊತ್ತಾ? ಮೊದ್ಲು ಹುಡುಗನ ಮನೆಯವರ ವಿಷಯ ಹೇಳ್ಬೇಕು…”

ಕೋಳಿಗಳೆರಡೂ ರೆಕ್ಕೆಯೊಳಗೆ ತಲೆ ಹುದುಗಿಸಿಕೊಂಡವು. ನನಗೆ ಆ ಅನುಕೂಲವಿರಲಿಲ್ಲ. “ಹೂಂ,” ಎಂದೆ.