ಕುಬೇರನ್ ಪ್ರಮಾದಂ!

ನನಗೆ ಹೊಟ್ಟೆಕಿಚ್ಚು ಎಂಬುದೇ ಗೊತ್ತಿಲ್ಲ. ಆಫೀಸಿನ ಜೊತೆಗಾರ ತಂಗವೇಲುವಿನ ಮುಖ ಕಂಡಾಗ ಮಾತ್ರ ಹೊಟ್ಟೆಯೊಳಗೆ ಏನೋ ಚುರುಚುರು ಎನ್ನುತ್ತದೆ. ಅದು ಕೊಯಮತ್ತೂರಿನ ಸಾಂಬಾರಿನ ಖಾರವೆಂದು ಬಹಳ ಕಾಲ ನಂಬಿದ್ದೆ. ಮಜ್ಜಿಗೆ ಕುಡಿದೆ, ಸೋಡಾ ಕುಡಿದೆ, ಇಳಿಯಲಿಲ್ಲ. ಕೊನೆಗೆ ಎಂಬತ್ತೆಂಟನೆಯ ಇಸವಿಯ ಒಂದು ಸೋಮವಾರ, ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಕನ್ನಡಿಯ ಮುಂದೆ ಭೀಷಣ ಪ್ರತಿಜ್ಞೆ ಮಾಡಿದೆ: "ಮ್ಯಾನೇಜರ ಆ ಸುತ್ತುವ ಕುರ್ಚಿಯಲ್ಲಿ ಕೂರುವವನು ನಾನೇ! ತಂಗವೇಲು ಬಂದು ರಜಾ ಕೇಳಬೇಕು. ನಾನು ಒಂದು ಸುತ್ತು ಸುತ್ತಿ, ಕಿಟಕಿಯ ಕಡೆ ಮುಖ ಮಾಡಿ, 'ಯೋಚಿಸೋಣ' ಎನ್ನಬೇಕು!"

"ಯೋಚನೆ ಅಪ್ಪರಂ, ಆಮೇಲೆ ಮಾಡಿ!" ಎಂದು ಒಳಗಿನಿಂದ ನನ್ನ ಹೆಂಡತಿ ರುಕ್ಮಣಿಯ ಧ್ವನಿ. "ಬಕೆಟ್ಟು ತುಂಬಿ ಅಂಗಳಕ್ಕೆ ಹರೀತಾ ಇರೋದು ಕಿವಿಗೆ ಬೀಳಲ್ವಾ? ಸಿರುವಾಣಿ ಹೊಳೆ ಸಿಹಿನೀರನ್ನ ಹಿಂಗೆ ಚೆಲ್ಲೋ ಮನುಷ್ಯನ್ನ ಈ ಊರಲ್ಲೇ ನಾ ಕಾಣೆ!"

ನಾನು ಕೊಳ್ಳೇಗಾಲದ ಕಡೆಯವನು. ರುಕ್ಮಣಿಯ ಮನೆಯವರು ತಲೆಮಾರುಗಳಿಂದ ಕೊಯಮತ್ತೂರಿನಲ್ಲಿ ಮಗ್ಗ ಹೂಡಿ ಕೂತ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅದರಲ್ಲೂ ನಮ್ಮ ಮನೆಯಲ್ಲಿ ಭಾಷೆಗಳಿಗೆ ಬೇರೆ ಬೇರೆ ಖಾತೆ ಹಂಚಿಕೆಯಾಗಿತ್ತು. ಬೈಗುಳ ಕನ್ನಡದಲ್ಲಿ, ಉಪಚಾರ ತಮಿಳಿನಲ್ಲಿ! ಮದುವೆಯಾದಂದಿನಿಂದ ನನ್ನ ಪಾಲಿಗೆ ಬಂದದ್ದು ಅಚ್ಚ ಕನ್ನಡ ಮಾತ್ರ. ತಂಗವೇಲು ಒಂದು ದಿನ ನಮ್ಮಲ್ಲಿ ಊಟಕ್ಕೆ ಬಂದು, ರಸಂ ಸೊಗಸಾಗಿದೆ ಎಂದು ಹೇಳಿ, ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ, ದ್ರೋಹಿ! ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು: "ತಂಗವೇಲು ರೊಂಬ ನಲ್ಲವರುಂಗ!" ಬಹಳ ಒಳ್ಳೆಯವರಂತೆ!

ತಂಗವೇಲುವಿನ ಮನೆಮಾತೂ ಕನ್ನಡವೇ, ಆದರೆ ಅವನಿಗೆ ಕನ್ನಡ ಓದಲು ಬಾರದು. ರುಕ್ಮಣಿಗೂ ಬಾರದು. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಮೋಟಾರ್ ರಿಪೇರಿ ಅಂಗಡಿಯ ಮಹಡಿಯ ಮೇಲಿದ್ದ ಪುಟ್ಟ ಕಂಪ್ಯೂಟರ್ ಕಂಪನಿ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನೂಲು, ಬಟ್ಟೆ, ಕೂಲಿಗಳ ಲೆಕ್ಕ ಹಾಕುವ ಪ್ರೋಗ್ರಾಮು ಬರೆದುಕೊಡುವುದು ನಮ್ಮ ಕಸುಬು. ನಾನು ಬರೆದದ್ದರ ಹೆಸರು 'ಕುಬೇರನ್'. ತಂಗವೇಲು ಬರೆದದ್ದು 'ಮಯಿಲ್', ಅಂದರೆ ನವಿಲು. ಅದನ್ನು ಶುರು ಮಾಡಿದರೆ ಸಾಕು, ಹಸಿರು ಚುಕ್ಕಿಗಳ ನವಿಲೊಂದು ಪರದೆಯ ಮೇಲೆ ನಿಧಾನವಾಗಿ ಗರಿ ಬಿಚ್ಚುತ್ತಿತ್ತು. ನನ್ನ ಕುಬೇರನಿಗೆ ಹೊಟ್ಟೆ ಬರೆಯಲು ಎಷ್ಟೋ ಸಂಜೆ ಹೆಣಗಿದೆ. ಪ್ರತಿ ಸಲವೂ ಅದು ಕುಂಬಳಕಾಯಿಯೇ ಆಯಿತು.

ಆ ಸೋಮವಾರ ಮುದಲಾಳಿ, ಅಂದರೆ ಕಂಪನಿಯ ಮಾಲೀಕರು, ಆರುಮುಗಂ ನಮ್ಮಿಬ್ಬರನ್ನೂ ಕರೆದರು. ತಿರುಪ್ಪೂರಿನ ಒಂದಷ್ಟು ಕಂಪನಿಗಳು ಒಟ್ಟಾಗಿ ಒಂದೇ ಪ್ರೋಗ್ರಾಮು ಕೊಳ್ಳಲು ಮುಂದೆ ಬಂದಿದ್ದವು. ಕುಬೇರನೋ ಮಯಿಲೋ, ಎರಡರಲ್ಲಿ ಒಂದು. ಯಾರದ್ದು ಆಯ್ಕೆಯಾಗುತ್ತದೋ ಅವರೇ ಮ್ಯಾನೇಜರು, ಸುತ್ತುವ ಕುರ್ಚಿ ಅವರಿಗೇ!

"ಲೆಕ್ಕದ ಆಡಿಟ್ ವರ್ಷ ವರ್ಷ ನಡೆಯುತ್ತೆ ಸಾರ್," ಎಂದರು ಮುದಲಾಳಿ ತಮ್ಮ ಮೆತ್ತನೆಯ ತಮಿಳಿನಲ್ಲಿ. "ಇದು ಮನಸ್ಸಿನ ಆಡಿಟ್. ದಿನಾ ಅದರ ಮುಂದೆ ಕೂರೋರಿಗೆ ಸುಖವಾಗಿದೆಯಾ, ಕಷ್ಟವಾಗಿದೆಯಾ? ಅವರ ಪಕ್ಕದಲ್ಲೇ ಕೂತು ನೋಡಿ, ಕೇಳಿ, ಬರೆದು ತರಬೇಕು. ಯಾರು ಹೋಗ್ತೀರಿ?"

"ನಾನು!" ಎಂದೆ, ಅವರು ಬಾಯಿ ಮುಚ್ಚುವ ಮೊದಲೇ. "ಎರಡಕ್ಕೂ ನಾನೇ ಹೋಗುತ್ತೇನೆ. ನನಗೆ ನನ್ನದು, ಪರರದು ಎಂಬ ಭೇದವಿಲ್ಲ!"

"ಅಣ್ಣನೇ ಹೋಗಲಿ," ಎಂದು ತಂಗವೇಲು ನಕ್ಕ. "ನನಗೆ ಪೂರ್ತಿ ನಂಬಿಕೆ." ಆ ನಗು ನೋಡಬೇಕಿತ್ತು! ಮತ್ತೆ ಸೋಡಾ ಕುಡಿಯಬೇಕಾಯಿತು.

ಮೊದಲು ಮಯಿಲ್ ಇದ್ದ ಕಂಪನಿಗೆ ಹೋದೆ. ಆಗೆಲ್ಲ ಕಂಪ್ಯೂಟರಿಗೆ ಗರ್ಭಗುಡಿಯ ಮರ್ಯಾದೆ. ಅದಕ್ಕೊಂದು ಏಸಿ ಕೋಣೆ, ಚಪ್ಪಲಿ ಹೊರಗೆ. ಒಳಗೆ ಸುಬ್ಬಾತಾಳ್ ಎಂಬ ನಡುವಯಸ್ಸಿನ ಹೆಂಗಸು ಕೂತಿದ್ದರು. "ವಾಂಗ ಸಾರ್, ಮಯಿಲ್ ನಲ್ಲಾ ಇರುಕ್ಕುಂಗ," ಎಂದರು, ಬನ್ನಿ, ಚೆನ್ನಾಗಿದೆಯೆಂದು. ನನ್ನ ಎದೆ ಕುಸಿಯಿತು. ಆದರೂ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಅವರು ಕೆಲಸ ಶುರು ಮಾಡಿದರು, ನಾನಿರುವುದನ್ನು ಮರೆತರು, ಆಮೇಲೆ ಹರಿಯಿತು ನೋಡಿ ಕನ್ನಡ ಹೊಳೆ!

"ಹಾಳಾದ ನವಿಲೇ, ಎಷ್ಟೊತ್ತು ಗರಿ ಬಿಚ್ತೀಯಾ? ನಿನ್ನ ಕುಣಿತ ನೋಡ್ಕಂಡು ಕೂತ್ರೆ ಶನಿವಾರದ ಕೂಲಿ ನಿಮ್ಮಪ್ಪ ಹಂಚ್ತಾನಾ?... ನಿನ್ನೆ ಹೇಳಿದ ಹೆಸರನ್ನ ಇವತ್ತು ಮತ್ತೆ ಕೇಳ್ತೀಯಲ್ಲಾ, ಮರೆವು ಬಂತಾ ನಿಂಗೆ?... ಇದನ್ನ ಮಾಡಿದೋನು ಸಿಗಲಿ, ಕಿವಿ ಹಿಂಡಿ ಇದೇ ಕುರ್ಚಿ ಮೇಲೆ ಕೂರಿಸ್ತೀನಿ!"

ಆಹಾ! ಮದುವೆ ಮನೆಯ ನಾಗಸ್ವರವೂ ನನ್ನ ಕಿವಿಗೆ ಅಷ್ಟು ಇಂಪಾಗಿರಲಿಲ್ಲ. "ಆ ಕಿವಿ ಹಿಂಡೋ ವಿಷಯ ಇನ್ನೊಂದ್ಸಲ ಹೇಳ್ತೀರಾ ಅಮ್ಮಾ? ಬರ್ಕೋತೀನಿ," ಎಂದೆ. ಸುಬ್ಬಾತಾಳ್ ಬೆಚ್ಚಿ ತಿರುಗಿ, "ಅಯ್ಯಯ್ಯೋ, ನೀವೂ ನಮ್ಮ ಭಾಷೇನಾ!" ಎಂದು ನಾಲಿಗೆ ಕಚ್ಚಿಕೊಂಡರು. ಹಸ್ತಾಕ್ಷರದ ಮಟ್ಟಿಗೆ ಜೀವಮಾನದಲ್ಲೇ ಅಷ್ಟು ದುಂಡಗೆ ನಾನು ಬರೆದದ್ದಿಲ್ಲ.

ಮರುದಿನ ಕುಬೇರನಿದ್ದಲ್ಲಿಗೆ ಹೋದೆ. ಆ ಬನಿಯನ್ ಕಂಪನಿ ಬೇರೆ ಯಾರದೂ ಅಲ್ಲ, ರುಕ್ಮಣಿಯ ಸೋದರಮಾವ ಲಿಂಗಪ್ಪನ್ ಅವರದೇ. ಮನೆಯ ಅಳಿಯನ ಮೇಲಿನ ದಾಕ್ಷಿಣ್ಯಕ್ಕೆ ನಮ್ಮಲ್ಲಿಂದ ಮೆಷಿನ್ನು ಬಾಡಿಗೆಗೆ ತಂದು ಕೂರಿಸಿಕೊಂಡಿದ್ದರು. ನನ್ನನ್ನು ಕಂಡಾಗಲೆಲ್ಲ ಬಯ್ಯುವುದು ಅವರ ಹವ್ಯಾಸ. ನನ್ನ ಶರ್ಟಿನ ಕಾಲರಿನಿಂದ ಶುರು ಮಾಡಿ ನನ್ನ ನಡಿಗೆಯವರೆಗೆ ಬಯ್ದು, ಆಮೇಲೆ ಕಾಫಿ ಕೊಡುವವರು. ಅಂದು ಬಾಗಿಲಲ್ಲೇ ಎರಡೂ ಕೈ ಚಾಚಿ ನಿಂತಿದ್ದರು.

"ವಾಂಗ ಮಾಪಿಳ್ಳೆ, ವಾಂಗ! ಉಂಗ ಕುಬೇರನ್ ಪ್ರಮಾದಂ!"

ಬನ್ನಿ ಅಳಿಯಂದಿರೇ ಎಂಬುದೇನೋ ತಿಳಿಯಿತು, ಆದರೆ ಕೊನೆಯ ಮಾತಿಗೆ ಒಂದು ಕ್ಷಣ ನನ್ನ ಕೊಳ್ಳೇಗಾಲದ ಕಿವಿಗೆ ಗಾಬರಿಯಾಯಿತು. ನಮ್ಮ ಕಡೆ ಪ್ರಮಾದ ಎಂದರೆ ದೊಡ್ಡ ಎಡವಟ್ಟು. ತಮಿಳಿನಲ್ಲಿ ಪ್ರಮಾದಂ ಎಂದರೆ ಭಾರೀ ಸೊಗಸು! ಅರ್ಥವಾದದ್ದೇ ತಡ, ನೆಲದಿಂದ ಒಂದು ಗೇಣು ಮೇಲೆ ನಡೆದೆ. ಮಾವ ತಮಿಳಿನಲ್ಲೇ ಮುಂದುವರಿಸಿದರು. ಅದು ಬಂದಂದಿನಿಂದ ಮನಸ್ಸಿಗೆ ಎಂಥ ನೆಮ್ಮದಿಯಂತೆ! ಮಧ್ಯಾಹ್ನವಾದರೆ ತಲೆಭಾರವೆಲ್ಲ ಇಳಿದುಹೋಗುತ್ತದಂತೆ! ಇದುವರೆಗೆ ಒಂದೇ ಒಂದು ತಪ್ಪು ಮಾಡಿಲ್ಲವಂತೆ!

ಕೋಣೆಯ ಬಾಗಿಲನ್ನು ಸ್ವಲ್ಪವೇ ತೆರೆದು ತೋರಿಸಿದರು. ಕುಬೇರನ ಮೇಲೆ ಬಿಳಿಯ ಬನಿಯನ್ ಬಟ್ಟೆಯ ಹೊದಿಕೆ, ವಿಭೂತಿ, ಕುಂಕುಮ, ಮಲ್ಲಿಗೆಯ ಮೊಳ. ಕಣ್ಣು ತುಂಬಿ ಬಂತು. ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಅದರ ಮೇಲೊಂದು ದಪ್ಪ ದಿಂಬು. 'ಬಳಸುವವರು ರಾತ್ರಿಯೂ ಇದನ್ನು ಅಗಲಲಾರರು' ಎಂದು ಬರೆದುಕೊಂಡೆ.

"ಒಂದು ಸಲ ಓಡಿಸಿ ತೋರಿಸಿ ಮಾವ."

"ಇಪ್ಪೋ ರಾಹುಕಾಲಂ, ಮಾಪಿಳ್ಳೆ. ಕಾಫಿ ಸಾಪ್ಪಿಡುಂಗ!" ಎಂದು ಕಾಫಿ ಕುಡಿಸಿ ಕಳಿಸಿದರು.

ಮನೆಗೆ ಬಂದು ರುಕ್ಮಣಿಯ ಮುಂದೆ ಎದೆಯುಬ್ಬಿಸಿ ನಿಂತೆ. ಅವಳು ಕರಿಬೇವು ಬಿಡಿಸುತ್ತಿದ್ದಳು. ಪ್ರಮಾದ ಎಂಬ ಪದ ನಮ್ಮೂರಲ್ಲಿ ಏನು, ಇಲ್ಲಿ ಏನು ಎಂದು ಭಾಷಾಶಾಸ್ತ್ರವನ್ನೂ ವಿವರಿಸಿದೆ.

"ಮಾವ ಹೊಗಳಿದ್ರಾ? ನಿಮ್ಮನ್ನಾ?" ಅವಳ ಕೈ ನಿಂತಿತು. "ತಮಿಳಲ್ಲೋ, ಕನ್ನಡದಲ್ಲೋ?"

"ತಮಿಳಿನಲ್ಲೇ. ಏನೀಗ? ಹೊಗಳಿಕೆಗೆ ಭಾಷೆಯ ಭೇದವುಂಟೆ?"

"ಮನೆ ಜನರ ಹತ್ರ ನಮ್ಮ ಮಾವ ತಮಿಳಲ್ಲಿ ಮಾತಾಡಿದ್ದನ್ನ ನಾ ಇವತ್ತಿನವರೆಗೂ ಕಂಡಿಲ್ಲ. ಎಲ್ಲೋ ಕೊಂಚ ಇಡಿಸ್ತಾ ಇದೆ, ಏನೋ ಸರಿಯಿಲ್ಲ. ಇನ್ನೊಂದ್ಸಲ ಹೋಗಿ ನೋಡಿ ಬನ್ನಿ."

"ನಿನಗೆ ಹೊಟ್ಟೆಕಿಚ್ಚು!" ಎಂದೆ ನಾನು. ಹೌದು, ನಾನೇ ಅಂದದ್ದು!

"ಆಯ್ತು, ನಂಗೇ ಹೊಟ್ಟೆಕಿಚ್ಚು. ಮಾವನ ಮರ್ಯಾದೆ ಹೋಗೋ ಹಂಗೆ ಏನಾದ್ರೂ ಮಾಡ್ಕಂಡು ಬಂದ್ರೆ ನೋಡಿ, ಅಪ್ಪರಂ ಇದೆ ನಿಮಗೆ!"

ವರದಿ ಸಿದ್ಧವಾಯಿತು. ಮಯಿಲ್: ಬರೀ ಬೈಗುಳ. ಕುಬೇರನ್: ಬರೀ ಹೊಗಳಿಕೆ, ಜೊತೆಗೆ ಪೂಜೆ! ಓದುತ್ತ ಓದುತ್ತ ಮುದಲಾಳಿಯ ಹುಬ್ಬು ಮೇಲೇರಿತು. "ಇಂಥದ್ದನ್ನ ನಾನು ಕಣ್ಣಾರೆ ನೋಡಬೇಕು ಸಾರ್," ಎಂದು ಊಟ ಮುಗಿದೊಡನೆ ನನ್ನನ್ನೂ ತಂಗವೇಲುವನ್ನೂ ಕಾರಿಗೆ ಹತ್ತಿಸಿಕೊಂಡೇ ಬಿಟ್ಟರು. ದಾರಿಯುದ್ದಕ್ಕೂ ನಾನು ಸೀಟಿನಲ್ಲೇ ಅತ್ತಿತ್ತ ತಿರುಗಿ, ಸುತ್ತುವ ಕುರ್ಚಿಯ ಅಭ್ಯಾಸ ಮಾಡಿಕೊಂಡೆ.

ಮಾವನ ಕಂಪನಿಯಲ್ಲಿ ಹೊಲಿಗೆ ಮೆಷಿನ್ನುಗಳು ದಡದಡ ಓಡುತ್ತಿದ್ದವು. ಏಸಿ ಕೋಣೆಯ ಬಾಗಿಲು ಮುಚ್ಚಿತ್ತು. ರಂಗಮಂಟಪದ ಪರದೆ ಸರಿಸುವವನಂತೆ ಅದನ್ನು ಪೂರ್ತಿ ತೆರೆದು ಘೋಷಿಸಿದೆ: "ಸಾರ್, ಇಗೋ ನಿಮ್ಮ ಕುಬೇರನ್!"

ಕುಬೇರನೇನೋ ಇದ್ದ. ಚಾಪೆಯ ಮೇಲೆ ಅಂಗಾತ ಮಲಗಿದ್ದ! ಬರಿಮೈ, ತಲೆಯಡಿ ದಿಂಬು, ಕುಂಬಳಕಾಯಿಯಂಥ ಹೊಟ್ಟೆ ಗೊರಕೆಯ ತಾಳಕ್ಕೆ ಏರಿಳಿಯುತ್ತಿತ್ತು. ನನಗೆ ಬರೆಯಲು ಬಾರದ ಚಿತ್ರ ಅಲ್ಲಿ ತಾನಾಗಿಯೇ ಮೂಡಿತ್ತು! ಕಂಪ್ಯೂಟರಿನ ಮೇಲೆ ಮಾವನ ಒದ್ದೆ ಟವೆಲ್ಲು ಒಣಗುತ್ತಿತ್ತು. ಅದರ ವೈರು, ನಾವು ತಂದಿಳಿಸಿದ ದಿನ ಕಟ್ಟಿದ್ದ ದಾರದಲ್ಲೇ ಸುರುಳಿಯಾಗಿ ಬಿದ್ದಿತ್ತು. ಯಾರೂ ಅದನ್ನು ಬಿಚ್ಚಿಯೇ ಇರಲಿಲ್ಲ. ತಪ್ಪು ಮಾಡುವುದಾದರೂ ಹೇಗೆ, ಪಾಪ!

ಬಿಸಿಗಾಳಿ ತಾಗಿ ಮಾವ ಕಣ್ಣು ಮುಚ್ಚಿಯೇ ಅಬ್ಬರಿಸಿದರು. ಅಚ್ಚ ಕನ್ನಡದಲ್ಲಿ. "ಯಾವನೋ ಅವನು ಕದ ತೆಗೆದೋನು? ತಂಪೆಲ್ಲಾ ಹೊರಗೆ ಹೋಗ್ತೈತೆ, ಮುಚ್ಚೋ!" ಆಮೇಲೆ ಕಣ್ಣು ತೆರೆದರು, ಮುದಲಾಳಿಯನ್ನು ಕಂಡರು, ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಂಡರು. "ವಾಂಗ ವಾಂಗ! ಕುಬೇರನ್ ಪ್ರಮಾದಂ!"

ಅಬ್ಬರ ಕೇಳಿ ಹಿಂದೆಯೇ ಬಂದ ಮಾವನ ಹೆಂಡತಿಗೂ ಅಂದೇ ಗೊತ್ತಾದದ್ದು. ಮಧ್ಯಾಹ್ನವೆಲ್ಲ ಗಂಡ ಕಂಪ್ಯೂಟರ್ ಕಲಿಯುತ್ತಿದ್ದಾರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರಂತೆ! "ಇನ್ನು ಈ ರೂಮಿಗೆ ಏಸಿ ಬೇಡ," ಎಂದು ಅಲ್ಲೇ ತೀರ್ಪು ಕೊಟ್ಟು ಸ್ವಿಚ್ಚು ಆರಿಸಿದರು. ಮಾವ ನನ್ನನ್ನು ನೋಡಿದ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಮುದಲಾಳಿ ಕೋಪಿಸಿಕೊಳ್ಳಲಿಲ್ಲ. ಅದು ಇನ್ನೂ ನೋವು. "ಸಾರ್, ಆ ಸುಬ್ಬಾತಾಳಮ್ಮ ದಿನಾ ಬಯ್ತಾರೆ, ಯಾಕಂದ್ರೆ ದಿನಾ ಬಳಸ್ತಾರೆ. ಅವರು ಬೈದದ್ದನ್ನ ಸರಿಮಾಡಿದ್ರೆ ಮಯಿಲ್ ತಿರುಪ್ಪೂರೆಲ್ಲಾ ಓಡುತ್ತೆ. ನಿಮ್ಮದಕ್ಕೆ ಕುಂಕುಮ ಇಟ್ಟು ಕೈ ಮುಗಿದುಬಿಟ್ಟಿದಾರೆ. ನಿಮ್ಮ ಬರವಣಿಗೆಯಿಂದ ತಂಗವೇಲುಗೆ ರೊಂಬ ಉಪಕಾರ ಆಯ್ತು!"

ಕುರ್ಚಿ ಹೋಯಿತು. ಅವರಿಬ್ಬರೂ ಕಾರಿನಲ್ಲಿ ಹೊರಟರು. ಹೊರಡುವಾಗ ಮಾವ ಆ ದಿಂಬನ್ನು ತಂಗವೇಲುವಿನ ಕೈಗೆ ಕೊಟ್ಟು, "ರುಕ್ಮಣಿಗೆ ಕೊಟ್ಬಿಡಪ್ಪಾ, ನಂಗೆ ಇನ್ನು ಬೇಕಾಗಲ್ಲ," ಎಂದರು. ನಾನು ಕುಬೇರನನ್ನು ಪೆಟ್ಟಿಗೆಗೆ ತುಂಬಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ.

ದಾರಿಯಲ್ಲಿ ಜ್ಞಾನೋದಯವಾಯಿತು. ದಿನಾ ಬಳಸುವುದನ್ನೇ ದಿನಾ ಬಯ್ಯುವುದು! ಹಾಗಾದರೆ ರುಕ್ಮಣಿ? ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸದೆ ಕನ್ನಡದಲ್ಲಿ ಬಯ್ದದ್ದು ಯಾರನ್ನು? ನನ್ನನ್ನು! ತಮಿಳಿನಲ್ಲಿ ಹೊಗಳಿ ದೂರ ಇಟ್ಟದ್ದು ಯಾರನ್ನು? ತಂಗವೇಲುವನ್ನು! ಹೊಟ್ಟೆಯ ಉರಿ ಮೊದಲ ಬಾರಿಗೆ ತಣ್ಣಗಾಯಿತು. ಕುರ್ಚಿ ಅವನೇ ಇಟ್ಟುಕೊಳ್ಳಲಿ, ಬೈಗುಳ ನನ್ನದು!

ನಮ್ಮ ಬೀದಿಗೆ ಬರುವಷ್ಟರಲ್ಲಿ ಮನೆಯೊಳಗಿನಿಂದ ರುಕ್ಮಣಿಯ ಕನ್ನಡ ಕೇಳಿಸಿತು. ಜೋರಾಗಿ, ಧಾರಾಕಾರವಾಗಿ. ನಾನು ಬರುವ ಮೊದಲೇ ಶುರು ಮಾಡಿಬಿಟ್ಟಿದ್ದಾಳಲ್ಲ! ಪೆಟ್ಟಿಗೆ ಹೊತ್ತುಕೊಂಡೇ ಓಡಿದೆ.

ಒಳಗೆ ನನ್ನ ಬೆತ್ತದ ಕುರ್ಚಿಯಲ್ಲಿ ತಂಗವೇಲು, ಮಡಿಲಲ್ಲಿ ದಿಂಬು, ತಲೆ ತಗ್ಗಿಸಿ ಕೂತಿದ್ದ. ರುಕ್ಮಣಿ ಸೌಟು ಹಿಡಿದು ಅವನ ಮುಂದೆ ನಿಂತಿದ್ದಳು.

"ನಿಂಗಾದ್ರೂ ಅರಿವು ಬೇಡ್ವಾ ತಂಬಿ? ಅವ್ರು ಕದ ತೆಗೆದ್ರೆ ನೀನು ಮುಚ್ಚಬೇಕು ತಾನೇ? ಮರದ ಬೊಂಬೆ ಹಂಗೆ ನಿಂತಿದ್ದೆಯಾ? ವಯಸ್ಸಾದ ಮನುಷ್ಯ, ಎಷ್ಟು ಅವಮಾನ! ಏನ್ ಹಲ್ಲು ಬಿಡ್ತೀಯಾ? ತಲೇಗೆ ಎಣ್ಣೆ ಹಾಕಿ ಎಷ್ಟು ದಿನ ಆಯ್ತು? ಆ ತಟ್ಟೇಲಿರೋ ಇಡ್ಲಿ ಯಾರಿಗೆ ಬಿಟ್ಟಿದೀಯಾ, ತಿನ್ನೋ!"

ತಿನ್ನೋ! ನನ್ನ ಕನ್ನಡ! ನನ್ನ ಹಕ್ಕಿನ ಬೈಗುಳ! ಅದೂ ಎಣ್ಣೆಯ ಸಮೇತ! ಹೊಟ್ಟೆಯಲ್ಲಿ ಧಗ್ಗೆಂದು ಹತ್ತಿಕೊಂಡಿತು. "ರುಕ್ಮಣಿ, ಬಯ್ಯಬೇಕಾದವನು ಇಲ್ಲಿದ್ದೇನೆ!" ಎಂದು ಕೂಗಿದೆ.

ಅವಳು ತಿರುಗಿದಳು. ಸೌಟು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಮುಖದ ತುಂಬ ನಗು ತಂದುಕೊಂಡಳು.

"ವಾಂಗ, ವಾಂಗ! ಉಕ್ಕಾರುಂಗ!" ಎಂದು ಇನ್ನೊಂದು ಕುರ್ಚಿ ತೋರಿಸಿದಳು.

ತಮಿಳು! ನನಗೆ! ನೆಂಟರಿಗೆಂದು ಎತ್ತಿಟ್ಟ ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಇವತ್ತು ಮಾಡಿದ ಕೆಲಸ," ಎಂದು ನಿಧಾನವಾಗಿ, ಬಹಳ ಮರ್ಯಾದೆಯಿಂದ ಹೇಳಿದಳು, "ಪ್ರಮಾದಂ!"

ಯಾವ ಭಾಷೆಯಲ್ಲಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.