ಮೊಣಕಾಲಿಗೆ ಕಟ್ಟಿದ ರೇಡಿಯೋ

ಮಡಚಲು ಒಲ್ಲೆ ಎನ್ನುವವರೆಗೂ ಮೊಣಕಾಲು ಎಂಬುದೊಂದಿದೆ ಎಂದು ಯಾರಿಗೂ ನೆನಪಾಗುವುದಿಲ್ಲ. ಹಲ್ಲು, ಹೊಟ್ಟೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನೂ ಅದನ್ನು ವಿಚಾರಿಸಿಕೊಂಡವನಲ್ಲ, ನಮ್ಮಕ್ಕ ಬಸ್ಸಿನಿಂದ ಇಳಿಯುವಾಗ ಬೀಳುವತನಕ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅಕ್ಕ ಕೂಡ್ಲಿಗಿಯಿಂದ ಕಾನಹೊಸಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಟೀಚರು. ಬಿದ್ದ ಮೇಲೆ ಆರೈಕೆಗೆಂದು ನಮ್ಮ ಮನೆಗೆ ಬಂದಿದ್ದಳು. ಮೊಣಕಾಲಿಗೆ ಹಾಕಿದ್ದ ಪ್ಲಾಸ್ಟರು ಬಿಚ್ಚಿದಾಗ ಕಾಲು ಒನಕೆಯಂತೆ ನೆಟ್ಟಗಾಗಿತ್ತು. ದಿನಾ ಸ್ವಲ್ಪ ಸ್ವಲ್ಪ ಮಡಚದಿದ್ದರೆ ಹಾಗೇ ಬಿಗಿದುಕೊಳ್ಳುತ್ತದೆ ಎಂದರು ಡಾಕ್ಟರು. ಆಗಿನ ಬಸ್ಸಿನ ಮೆಟ್ಟಿಲೋ, ಅಟ್ಟ ಹತ್ತಿದಷ್ಟು ಎತ್ತರ. ಹತ್ತಲಾಗದಿದ್ದರೆ ನೌಕರಿಯೇ ಇಲ್ಲ. ಅಕ್ಕ ಕಣ್ಣೀರು ಹಾಕುತ್ತಾ ಮಡಚುವಳು, ಸಂಜೆಗೆ ಸೋತು, "ಎಷ್ಟು ಮಡಚಿದ್ರೂ ಅಲ್ಲೇ ಐತಿ, ಬಿಡಲೇ ತಮ್ಮಾ" ಎನ್ನುವಳು.

ಹೊರದೇಶದಲ್ಲಿ ಮೊಣಕಾಲಿಗೆ ಯಂತ್ರ ಕಟ್ಟಿ ಅದು ಎಷ್ಟು ಬಾಗುತ್ತದೆಂದು ಅಳೆಯುತ್ತಾರೆ ಎಂದು ಎಲ್ಲೋ ಓದಿದ್ದೆ. ನನ್ನ ತಲೆಗೆ ಹುಳ ಹೊಕ್ಕಿತು. ಹಳೆಯ ರೇಡಿಯೋದ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಕಿತ್ತು, ಎರಡು ಅಡಿಪಟ್ಟಿಗಳ ನಡುವೆ ಕೀಲಿನಂತೆ ಕೂಡಿಸಿದೆ. ಒಂದು ಪಟ್ಟಿ ತೊಡೆಗೆ, ಇನ್ನೊಂದು ಕಾಲಿಗೆ, ಕಟ್ಟಲು ಹೆಂಡತಿಯ ಹಳೇ ಸೀರೆಯ ಅಂಚು. ಟಾರ್ಚಿನ ಸೆಲ್ಲು, ಪ್ರಯೋಗಾಲಯದಿಂದ ಕೇಳಿ ತಂದ ಮೀಟರು. ಕಾಲು ಮಡಚಿದರೆ ಗುಂಡಿ ತಿರುಗಬೇಕು, ಮುಳ್ಳು ಸರಿಯಬೇಕು.

"ನನ್ನ ಕಾಲಾಗ ವಾರ್ತೆ ಬರ್ತಾವೇನು?" ಎಂದಳು ಅಕ್ಕ.

"ಮಡಚಿ ನೋಡು."

ಹಲ್ಲು ಕಚ್ಚಿ ಮಡಚಿದಳು. ಮುಳ್ಳು ಕೂದಲೆಳೆಯಷ್ಟು ಸರಿಯಿತು. ಅಕ್ಕ ಅದನ್ನೇ ನೋಡುತ್ತಾ, "ಇದು ನಾನ ಸರಿಸಿದ್ದೇನು?" ಎಂದು ಮೆಲ್ಲಗೆ ಕೇಳಿದಳು. ಕೇಳಿದವಳು ಇನ್ನೊಮ್ಮೆ ಮಡಚಿದಳು, ಯಾರೂ ಹೇಳದೆಯೇ.

ನೋವೇನೂ ಕಡಿಮೆಯಾಗಲಿಲ್ಲ, ಆದರೆ ಈಗ ಅದಕ್ಕೊಂದು ಲೆಕ್ಕ ಸಿಕ್ಕಿತ್ತು. ಕಾಫಿಗೆ ಮೊದಲು ಮೀಟರು ಕೇಳತೊಡಗಿದಳು. ಒಮ್ಮೆ ಮುಳ್ಳು ಹಿಂದಕ್ಕೆ ಬಂದಾಗ ಊಟವನ್ನೇ ಬಿಟ್ಟು ಕುಳಿತಳು. ನೋಡಿದರೆ ಸೀರೆಯಂಚು ಸಡಿಲವಾಗಿತ್ತು, ಅಷ್ಟೇ.

ಕೊನೆಗೊಂದು ದಿನ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಚಾಚಿದ ಕೈಯನ್ನು ಹಿಡಿಯದೆ ಮೆಟ್ಟಿಲು ಹತ್ತಿದಳು. ಮೇಲೆ ನಿಂತು ತಿರುಗಿ, "ಈಗ ಮುಳ್ಳು ಎಲ್ಲಿಗೆ ಹೋಗಿರ್ತಿತ್ತೋ?" ಎಂದಳು. ಚಾಚಿದ್ದ ಕೈಯನ್ನೇ ಎತ್ತಿ ಬೀಸಿದೆ.

ಮುಂದಿನ ಭಾನುವಾರ ಕುತೂಹಲಕ್ಕೆಂದು ಆ ಯಂತ್ರವನ್ನು ನನ್ನ ಕಾಲಿಗೇ ಕಟ್ಟಿಕೊಂಡೆ. ಮಧ್ಯಾಹ್ನವಾದರೂ ಮುಳ್ಳು ಅಲುಗಲಿಲ್ಲ. ಸೆಲ್ಲು ಮುಗಿದಿರಬೇಕು, ಹೊಸದು ಕೊಡು ಎಂದು ಹೆಂಡತಿಯನ್ನು ಕೂಗಿದೆ.

"ಸೆಲ್ಲು ಚಲೋ ಅದಾವ್ರೀ," ಎಂದಳು ಅವಳು ಒಳಗಿಂದಲೇ. "ನೀವು ಮುಂಜಾನಿಂದ ಕುರ್ಚಿ ಬಿಟ್ಟು ಎದ್ದಿಲ್ಲ."

ಹಾಗೇನಿಲ್ಲ ಎಂದು ವಾದಿಸಲು ಎದ್ದು ನಿಂತೆ. ಮುಳ್ಳು ಅವಳ ಪರವಾಗಿ ಜಿಗಿಯಿತು.