ಉದ್ದ ಕಾಲಿನ ಪರಿವಾರವನ್ನು ಬಿಟ್ಟುಹೋದ ಸ್ಪೇಸರ್ ದಂಪತಿಗಳಿಗೆ

ಪರಮ ಮಾನ್ಯರಾದ ಎಡ ಮತ್ತು ಬಲ ಸ್ಪೇಸರ್ ಅವರೇ,

ರೆಮ್ಸ್ ಕಣಿವೆಯ ಐಸೆನ್‌ಬ್ರೌನ್ ಮನೆತನದ ಹಿರಿಯಳೂ, ಗುಡ್ಡದ ಬಿಸಿಲು ಮಗ್ಗುಲಿನ ದ್ರಾಕ್ಷಿ ತೋಟದ ಒಡತಿಯೂ, ಹೊಸ ವೈನ್ ಇಳಿದಾಗ ಊಟದ ಮನೆ ತೆರೆದಿದೆ ಎಂಬ ಗುರುತಿಗೆ ಬಾಗಿಲಿಗೆ ಪೊರಕೆ ತೂಗುಹಾಕಿ ಊರನ್ನೇ ಊಟಕ್ಕೆ ಕೂರಿಸುವವಳೂ, ಯಜಮಾನರು ಬಿಟ್ಟುಹೋದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಏಕೈಕ ಚಾಲಕಿಯೂ ಆದ ಲೀಸೆಲೊಟ್ಟೆ ಐಸೆನ್‌ಬ್ರೌನ್ ಎಂಬ ನಾನು ತಮಗೆ ತಲೆಬಾಗಿ ವಂದಿಸುತ್ತೇನೆ. ಈ ಪತ್ರವನ್ನು ನಮ್ಮ ಹೊರಬಾಗಿಲಿಗೂ ಅಂಟಿಸುತ್ತಿದ್ದೇನೆ; ನನ್ನ ಕಾರು ಹಿಮ್ಮುಖವಾಗಿ ಜಾರಿದ್ದನ್ನು ಊರೆಲ್ಲ ನೋಡಿರುವುದರಿಂದ ಅದರ ಕಾರಣವನ್ನೂ ಊರೆಲ್ಲ ಓದುವುದು ನ್ಯಾಯ.

ಕಳೆದ ವಸಂತದಲ್ಲಿ ನನ್ನ ಅಳಿಯ ಹೋಲ್ಗರ್ ತಮ್ಮನ್ನು ಮನೆಗೆ ಕರೆತಂದರು. ಹಿಂದಿನ ಚಕ್ರಗಳು ಮಡ್‌ಗಾರ್ಡಿನೊಳಗೆ ನಾಚಿಕೊಂಡು ಕೂತಿವೆ, ಈ ಹದಿನೈದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬಿಲ್ಲೆಗಳನ್ನು ಚಕ್ರದ ಹಿಂದೆ ಕೂರಿಸಿದರೆ ಹೊರಗೆ ಬಂದು ಎದೆಯುಬ್ಬಿಸಿ ನಿಲ್ಲುತ್ತವೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಚಕ್ರ ನಾಚಿಕೊಂಡರೆ ನನಗೇನೂ ತೊಂದರೆಯಿಲ್ಲ, ನಮ್ಮ ಮನೆಯಲ್ಲಿ ಅಷ್ಟಾದರೂ ವಿನಯ ಯಾರಿಗಾದರೂ ಇರಲಿ ಎಂದೆ. "ಅತ್ತೆ, ಇದು ನಿಮ್ಗೆ ಗೊತ್ತಾಗಲ್ಲ, ಇದು ನಿಲುವಿನ ವಿಷ್ಯ" ಎಂದರು.

ತಾವು ದೊಡ್ಡ ಮನೆತನದವರಾದ್ದರಿಂದ ಒಬ್ಬರೇ ಬರಲಿಲ್ಲ. ಬಿಲ್ಲೆಯ ದಪ್ಪವನ್ನು ದಾಟಿ ಚಕ್ರ ಕೂರುವ ಅಚ್ಚಿನ ತುದಿಯನ್ನು, ಅಂದರೆ ಹಬ್ ಅನ್ನು, ಹಿಡಿಯಲು ಹಳೆಯವಕ್ಕಿಂತ ಹದಿನೈದು ಮಿಲಿಮೀಟರ್ ಹೆಚ್ಚು ಉದ್ದದ ಬೋಲ್ಟುಗಳ ಪರಿವಾರವೂ ತಮ್ಮ ಹಿಂದೆ ಬಂತು. ಹೋಲ್ಗರ್ ಮೊದಲು ತಂದ ಬೋಲ್ಟುಗಳ ತಲೆಯ ಕೆಳಗಿನ ಭುಜ ಓರೆಯಾಗಿತ್ತು, ನಮ್ಮ ಚಕ್ರದಲ್ಲಿ ಅದು ಕೂರಬೇಕಾದ ಗುಳಿಯೋ ಗುಂಡಗಿತ್ತು. ವಾಹನ ತಪಾಸಣೆಯವರು ಅವರನ್ನು ಹಾಗೆಯೇ ಮನೆಗೆ ಅಟ್ಟಿದರು. ಆಮೇಲೆ ಗುಂಡು ಭುಜದವನ್ನು ತಂದರು. ಅಂದಿನಿಂದ ಊಟಕ್ಕೆ ಕೂತವರಿಗೆಲ್ಲ ಬೋಲ್ಟಿನ ಭುಜದ ಮೇಲೆ ಉಪನ್ಯಾಸ. ಭುಜವನ್ನು ಅವರು ಎಷ್ಟು ಚೆನ್ನಾಗಿ ಕಲಿತರೆಂದರೆ ಕಾಲಿನ ಉದ್ದವನ್ನು ಪೂರ್ತಿ ಮರೆತರು.

ಅಕ್ಟೋಬರಿನಲ್ಲಿ ಎಲ್ಲರಂತೆ ನಾವೂ ಚಳಿಗಾಲದ ಚಕ್ರ ಹಾಕಿಸಿದೆವು. ಹಿಮದಲ್ಲಿ ನಿಲುವು ಬೇಡವೆಂದು ಹೋಲ್ಗರ್ ತಮ್ಮನ್ನು ಗೌರವದಿಂದ ಬಿಚ್ಚಿ, ಒರೆಸಿ, ಕಪಾಟಿನಲ್ಲಿಟ್ಟರು. ನನ್ನ ದೂರು ಇಲ್ಲಿಂದ ಶುರು. ತಾವು ವಿಶ್ರಾಂತಿಗೆ ಹೊರಟಾಗ ತಮ್ಮ ಉದ್ದ ಕಾಲಿನ ಪರಿವಾರವನ್ನೂ ಜೊತೆಗೆ ಕರೆದೊಯ್ಯಬೇಕಿತ್ತಲ್ಲವೇ? ಹೋಲ್ಗರ್ ಅದೇ ಬೋಲ್ಟುಗಳಿಂದ ಚಕ್ರ ಬಿಗಿದರು. ತಾವಿಲ್ಲದ ಜಾಗವನ್ನು ದಾಟಿ ಅವು ಹಬ್‌ನ ಹಿಂದಕ್ಕೆ ಚಾಚಿಕೊಂಡು, ಹ್ಯಾಂಡ್‌ಬ್ರೇಕಿನ ಭಾಗಗಳನ್ನು ಪ್ರತಿ ಸುತ್ತಿಗೂ ಉಜ್ಜಿ ಸವೆಸತೊಡಗಿದವು. ಹಿಂದಿನಿಂದ ಚರಚರ ಸದ್ದು ಬರುತ್ತಿದೆ ಎಂದು ನಾನು ಹೇಳಿದಾಗ ಮಗಳು ಉಲ್ರಿಕೆ, "ಅಮ್ಮ, ಕಿವಿ ಒಂದ್ಸಲ ತೋರಿಸ್ಕೋ" ಎಂದಳು.

ಹೀಗಿರುವಾಗ ಒಂದು ಶನಿವಾರ ನಮ್ಮ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಗೇರಿನಲ್ಲಿ ನಿಲ್ಲಿಸುವುದು ಬ್ರೇಕನ್ನು ನಂಬದವರ ಕೆಲಸ ಎಂಬುದು ನನ್ನ ಯಜಮಾನರ ಕಾಲದಿಂದ ನಮ್ಮ ಮನೆಯ ಪದ್ಧತಿ. ಕಾರು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹಿಂದಕ್ಕೆ ಹೊರಟು, ನೆರೆಯ ಕೀಲ್‌ವೈನ್ ಅವರು ತಮ್ಮ ಮನೆಯ ಸರದಿ ಬಂದದ್ದಕ್ಕೆ ಬೀದಿ ಗುಡಿಸುತ್ತಿದ್ದಲ್ಲಿಗೆ ಹೋಗಿ, ಅವರ ಮಳೆನೀರಿನ ಪೀಪಾಯಿಯನ್ನು ಒಡೆದು ನಿಂತಿತು. ಮಂಡಿಯವರೆಗೆ ನೆನೆದ ಕೀಲ್‌ವೈನ್ ಪೊರಕೆಯನ್ನು ಬಿಡಲಿಲ್ಲ. "ಏನ್ರೀ ಲೀಸೆಲೊಟ್ಟೆ, ನಿಮ್ಮ ಗಾಡಿಗೂ ನಮ್ಮನೆ ಕಾಫಿ ಬೇಕಾಯ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು.

ಸಂಜೆ ಮನೆಯವರ ಸಭೆ ಸೇರಿತು. "ಬ್ರೇಕ್ ಎಳೆಯೋದ್ ಮರ್ತಿದೀರ ಅತ್ತೆ, ವಯಸ್ಸಾದ್ಮೇಲೆ ಇದೆಲ್ಲ ಸಹಜ" ಎಂದು ಹೋಲ್ಗರ್ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಎಲ್ಲಿಗೆ ಬೇಕಾದ್ರೂ ನಾವೇ ಕರ್ಕೊಂಡ್ ಹೋಗ್ತೀವಮ್ಮ" ಎಂದಳು ಉಲ್ರಿಕೆ. ಹಾಗೆಯೇ ಕರೆದೊಯ್ದರು: ಬೆಟ್ಟದಾಚೆಯ ಚರ್ಚಿನಲ್ಲಿ ಹಾಡಬೇಕಾದ ನಾನು ಅವರ ಕಾರಿನ ಹಿಂದಿನ ಸೀಟಿನಲ್ಲಿ, ಮೊಮ್ಮಗುವಿನ ಕುರ್ಚಿಯ ಪಕ್ಕ, ಬಿಸ್ಕತ್ತಿನ ಪುಡಿಯ ಮೇಲೆ ಕೂತು ಹೋದೆ. ಕಾರಿನ ಕೀಲಿ ಹೋದ ಮೇಲೆ ಮುಂದೆ ನೆಲಮಾಳಿಗೆಯ ಕೀಲಿ, ಆಮೇಲೆ ತೋಟದ ಕೀಲಿ ಎಂಬುದು ನನಗೆ ತಿಳಿಯದ್ದೇನಲ್ಲ.

ಮಹನೀಯರೇ, ಆಗ ತಾವು ಕಪಾಟಿನಿಂದ ಇಳಿದು ಬಂದು ನನ್ನ ಪರವಾಗಿ ಸಾಕ್ಷಿ ಹೇಳಬಹುದಿತ್ತು. ಇಲ್ಲವೇ ಅಳಿಯನ ಒಂದು ಕಿವಿಗೂ ಇನ್ನೊಂದು ಕಿವಿಗೂ ನಡುವೆ ಹೋಗಿ ಕೂತು, ಆ ಜಾಗವನ್ನು ಹದಿನೈದು ಮಿಲಿಮೀಟರ್‌ನಷ್ಟಾದರೂ ವಿಸ್ತರಿಸಿ ಕೊಡಬಹುದಿತ್ತು. ತಾವು ಎರಡನ್ನೂ ಮಾಡದೆ ಹೊಳೆಯುತ್ತ ಕೂತಿದ್ದಿರಿ. ಹೊಳೆಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಮನಸಾರೆ ಹೊಗಳುತ್ತೇನೆ.

ಕೊನೆಗೆ ಕಾರು ನಿಂತಿದ್ದ ಕೊಟ್ಟಿಗೆಗೆ ನಾನೇ ಹೋದೆ. ಜ್ಯಾಕ್ ಹಾಕಿ ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದೆ. ಕಿವಿ ತೋರಿಸಿಕೊಳ್ಳಬೇಕಾದವಳಿಗೆ ಚರಚರ ಸದ್ದು ಸ್ಪಷ್ಟವಾಗಿ ಕೇಳಿಸಿತು. ಒಂದು ಬೋಲ್ಟ್ ಬಿಚ್ಚಿದರೆ ಅದರ ತುದಿ ಉಜ್ಜಿ ಬೆಳ್ಳಗಾಗಿತ್ತು. ತಾವು ಬಂದಾಗ ಬಿಚ್ಚಿ ಯಜಮಾನರ ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಟ್ಟಿದ್ದ ಹಳೆಯ ಗಿಡ್ಡ ಬೋಲ್ಟನ್ನು ಅದರ ಪಕ್ಕ ನಿಲ್ಲಿಸಿ, ಹೋಲ್ಗರ್ ಅವರನ್ನು ಕರೆದು, ಭುಜದ ಬಗ್ಗೆ ಅಲ್ಲ, ಕಾಲಿನ ಬಗ್ಗೆ ಒಂದು ಉಪನ್ಯಾಸ ಕೊಡಿ ಎಂದು ಕೇಳಿಕೊಂಡೆ. ಅವರು ಎರಡನ್ನೂ ಬೆರಳಿನಿಂದ ಅಳೆದರು. "ಅಯ್ಯೋ ಅತ್ತೆ" ಎಂದರು. ಅವರು ಕೊಟ್ಟ ಉಪನ್ಯಾಸಗಳಲ್ಲೆಲ್ಲ ಅದೇ ಉತ್ತಮವಾದದ್ದು.

ಆದ್ದರಿಂದ ತಮಗೆ ತಿಳಿಸುವುದೇನೆಂದರೆ, ಕೆಳಗಿನದೆಲ್ಲ ಆಗಿಹೋಗಿದೆ. ಬ್ರೇಕ್ ರಿಪೇರಿಯಾಗಿದೆ, ಹಳೆಯ ಬೋಲ್ಟುಗಳು ತಮ್ಮ ಸ್ಥಾನಕ್ಕೆ ಮರಳಿವೆ. ಆಮೇಲಿನ ಶನಿವಾರ ಅದೇ ಇಳಿಜಾರಿಗೆ ಹೋಲ್ಗರ್ ಅವರಿಂದಲೇ ಕಾರು ತರಿಸಿ, ಕೀಲಿ ಸಮೇತ ಅವರನ್ನು ಅದರ ಹಿಂದೆ ನಿಲ್ಲಿಸಿ, ನಾನೇ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಹೊಸ ಪೀಪಾಯಿಯ ಪಕ್ಕದಿಂದ ಕೀಲ್‌ವೈನ್, "ಹೋಲ್ಗರ್, ಬ್ರೇಕ್ ಗಟ್ಟಿಯಾಗಿದೆ, ನಿಮ್ಮ ಕಾಲ್ಯಾಕೆ ನಡುಗ್ತಿದೆ?" ಎಂದು ವಿಚಾರಿಸಿಕೊಂಡರು. ಕಾರು ಕದಲಲಿಲ್ಲ. ಕೈ ಚಾಚಿದೆ, ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಅಲ್ಲಿಂದಲೇ ಚರ್ಚಿನ ಗಾಯನಕ್ಕೆ ಹೋದೆ, ಒಬ್ಬಳೇ. ತಮ್ಮಿಬ್ಬರನ್ನೂ ಊಟದ ಮೇಜಿಗೆ ವರ್ಗಾಯಿಸಿದ್ದೇನೆ; ಬಿಸಿ ಬೇಳೆಯ ಪಾತ್ರೆಯ ಅಡಿಯಲ್ಲಿ ತಮ್ಮ ನಿಲುವು ನಿಜಕ್ಕೂ ಚೆನ್ನಾಗಿದೆ.

ತಮ್ಮ ಮೇಲೆ ವಿಶ್ವಾಸವಿದ್ದಷ್ಟೂ ದಿನ ವಿಶ್ವಾಸಿಯಾಗಿದ್ದ,
ಲೀಸೆಲೊಟ್ಟೆ ಐಸೆನ್‌ಬ್ರೌನ್

ತಾ.ಕ.: ತಮ್ಮ ಉದ್ದ ಕಾಲಿನ ಬೋಲ್ಟುಗಳಲ್ಲಿ ಒಂದನ್ನು ಕಾರಿನ ಕೀಲಿಗೆ ಕಟ್ಟಿಕೊಂಡಿದ್ದೇನೆ. ಅದು ಈಗ ಯಾವುದನ್ನೂ ಉಜ್ಜುವುದಿಲ್ಲ. ಊಟಕ್ಕೆ ಕೂತಾಗ ಮೇಜಿನ ಮೇಲಿಟ್ಟರೆ ಅಳಿಯನ ಕಣ್ಣಿಗೆ ಮಾತ್ರ ಸ್ವಲ್ಪ ತಾಗುತ್ತದೆ.